ಇಪ್ಪತ್ತಮೂರನೆಯವಳು

ಇರುವೆ — ಅಲ್ಲ, ಬ್ರಷ್ಷಿನಿಂದ ಉದುರಿದ ಕೂದಲು, ತೊಡೆಮೂಳೆಯ ಮೇಲೆ ಅಡ್ಡ ಬಿದ್ದದ್ದು ಗಾಳಿಗೆ ಅಲುಗಿತು ಅಷ್ಟೆ, ಅಲುಗುವುದೆಲ್ಲ ಜೀವವಲ್ಲ, ಅಲುಗದೆ ಇರುವುದೆಲ್ಲ — ಬೇಡ, ಆ ದಾರಿ ಹಿಡಿಯಬೇಡ, ಕೂದಲು ತೆಗೆ, ಕೆಲಸ ನೋಡು ಎಂದು ಅವಳು ತನಗೆ ತಾನೇ ಹೇಳಿಕೊಂಡು ಮಂಡಿಯ ಕೆಳಗಿನ ರಬ್ಬರ್ ಹಾಸನ್ನು ಮುಂದಕ್ಕೆ ಎಳೆದುಕೊಂಡಳು. ಬೆನ್ನ ಮೇಲೆ ಬಿಸಿಲು, ಮುಖಕ್ಕೆ ಗುಂಡಿಯ ತಂಪು, ಏಳೆಂಟು ನೂರು ವರ್ಷ ಯಾರ ಮೂಗಿಗೂ ಸಿಗದೆ ಉಳಿದಿದ್ದ ಮಣ್ಣಿನ ವಾಸನೆ, ಕೆಟ್ಟದ್ದಲ್ಲ, ಒಗೆದು ನೆರಳಲ್ಲಿ ಒಣಗಿಸಿದ ಬಟ್ಟೆಯ ಹಾಗೆ. ಇದು ಇಪ್ಪತ್ತಮೂರನೆಯ ಗೋರಿ, ಆದ್ದರಿಂದ ಇವಳು ಇಪ್ಪತ್ತಮೂರನೆಯವಳು, ಹೆಸರಿಡುವಂತಿಲ್ಲ, ಉತ್ಖನನ ನಡೆಸುವ ಮೇಡಂ ಮೊದಲ ದಿನವೇ ಹೇಳಿದ್ದರು, ಹೆಸರಿಟ್ರೆ ಅಳ್ತೀರಿ, ಅತ್ರೆ ಮೂಳೆ ಒದ್ದೆಯಾಗುತ್ತೆ, ಒದ್ದೆಯಾದ್ರೆ ಒಣಗಿಸೋಳು ನಾನು. ಪಾದದಿಂದ ಶುರುಮಾಡಿ ಮೇಲೆ ಬರುತ್ತಿದ್ದಾಳೆ, ಯಾಕೆಂದರೆ ಸೊಂಟದಿಂದ ಆಚೆಗೆ ಯಾರೋ ಎಂದೋ ಕಟ್ಟಿದ ಗೋಡೆಯ ಅಡಿಗಲ್ಲು ಕೂತಿದೆ, ಅದರ ಫೋಟೋ, ನಕ್ಷೆ ಮುಗಿಯುವ ತನಕ ಕಲ್ಲನ್ನು ಮುಟ್ಟುವಂತಿಲ್ಲ, ಹೀಗಾಗಿ ಇಪ್ಪತ್ತಮೂರನೆಯವಳು ಕಂಬಳಿ ಎಳೆದುಕೊಂಡು ಮಲಗಿದವಳ ಹಾಗೆ ಸೊಂಟದ ಮೇಲೆಲ್ಲ ಕಲ್ಲು ಹೊದ್ದು ಕಾಲು ಮಾತ್ರ ತೋರಿಸುತ್ತಿದ್ದಾಳೆ. ಹೆಂಗಸೇ, ಸಂಶಯವಿಲ್ಲ, ಸೊಂಟದ ಮೂಳೆಯ ಬಾಗಿನಲ್ಲಿ ಹೆಬ್ಬೆರಳಿಟ್ಟರೆ ಆಚೀಚೆ ಆಡುತ್ತದೆ, ಗಂಡಸಾಗಿದ್ದರೆ ಸಿಕ್ಕಿಕೊಳ್ಳುತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ತನ್ನ ಹೊಟ್ಟೆಯೊಳಗಿನದು ಅಲುಗಿಲ್ಲ. ಹೋದ ವಾರ ತಾನೇ ಶುರುವಾಗಿದ್ದು, ನೀರೊಳಗೆ ಗುಳ್ಳೆಯೊಂದು ಒಡೆದ ಹಾಗೆ, ಬಸ್ಸಿನಲ್ಲಿ ನಿಂತಿದ್ದವಳು ಟಿಕೆಟ್ ತೆಗೆದುಕೊಳ್ಳುವುದನ್ನೂ ಮರೆತಿದ್ದಳು, ಡಾಕ್ಟರು ಹೇಳಿದ್ದಾರೆ, ಮೊದಮೊದಲು ಹಾಗೇನೇ, ಒಂದಿನ ತಿಳಿಯುತ್ತೆ ಒಂದಿನ ತಿಳಿಯಲ್ಲ, ಕೆಲಸ ಮಾಡ್ಕೊಂಡಿರಿ, ಭಾರ ಎತ್ತಬೇಡಿ, ಗಾಬರಿ ಬೇಡ — ಗಾಬರಿ ಬೇಡ ಅಂದರೆ ಅದು ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತುಕೊಳ್ಳುತ್ತದೆಯೇ. ಬೆಳಿಗ್ಗೆ ಗಂಡ ಅಂದ, ಇವತ್ತು ರಜಾ ಹಾಕ್ಬಿಡು, ಹಾಕಿ ಏನ್ಮಾಡ್ಲಿ, ಮಲ್ಕೊಂಡು ಹೊಟ್ಟೆ ನೋಡ್ತಾ ಇರ್ಲಾ, ಅಂದಳು, ಅವನು ಅವಳ ನೀರಿನ ಬಾಟಲಿ ತುಂಬಿಸಿ ಮುಚ್ಚಳವನ್ನು ಬಿಗಿಯಾಗಿ, ತೀರಾ ಬಿಗಿಯಾಗಿ ತಿರುಗಿಸಿಟ್ಟ, ಇನ್ನೂ ತೆಗೆಯಲಾಗಿಲ್ಲ ಅದನ್ನು. ಬಸುರಿನ ವಿಷಯ ಅವನಿಗೆ ಮತ್ತು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ಇಲ್ಲ. ಹೋದ ವರ್ಷ ತಿಳಿದ ದಿನವೇ ಊರಿಗೆಲ್ಲ ಹೇಳಿದ್ದಾಯಿತು, ನಾಲ್ಕನೇ ತಿಂಗಳಲ್ಲಿ ನಿಲ್ಲಲಿಲ್ಲ, ಆಮೇಲೆ ಹೇಳಿದಷ್ಟು ಜನಕ್ಕೂ ಮತ್ತೊಂದು ಸಲ ಹೇಳಬೇಕಾಯಿತು, ಒಬ್ಬೊಬ್ಬರಿಗೂ, ಅವರು ಅತ್ತರೆ ಅವರನ್ನು ಸಮಾಧಾನ ಮಾಡಬೇಕಾಯಿತು, ಚಿಕ್ಕಮ್ಮ ಅಂದರು, ಓದು ಓದು ಅಂತ ಓಡಾಡಿದ್ಲು ನೋಡಿ.

ಬಿದಿರುಕಡ್ಡಿಯಿಂದ ಬೋಗುಣಿಯಂಥ ಆ ಸೊಂಟದ ಒಳಗಿನ ಮಣ್ಣನ್ನು ಸಡಿಲಿಸುತ್ತಾಳೆ, ಬ್ರಷ್ಷಿನಿಂದ ಮೊರಕ್ಕೆ ಎಳೆಯುತ್ತಾಳೆ, ಈ ಮಣ್ಣು ಬೇರೆ ಚೀಲಕ್ಕೆ, ಜರಡಿ ಹಿಡಿಯಬೇಕು, ಕಡ್ಡಿ, ಬ್ರಷ್ಷು, ಕಡ್ಡಿ, ಬ್ರಷ್ಷು, ಮಗುವಿಗೆ ತುತ್ತಿಟ್ಟು ಬಾಯಿ ಒರೆಸಿದ ಹಾಗೆ — ಮತ್ತೆ ಅಲ್ಲಿಗೇ ಹೋಗುತ್ತದಲ್ಲ ಈ ಹಾಳು ತಲೆ — ಆಗ ಕಡ್ಡಿಯ ತುದಿಗೆ ಏನೋ ತಗಲಿತು. ಕಲ್ಲಲ್ಲ, ಕಲ್ಲಾದರೆ ಟಕ್ ಅನ್ನುತ್ತದೆ. ಊದಿದಳು, ಊದಬಾರದು ಎಂದು ಗೊತ್ತಿದ್ದೂ ಊದಿದಳು. ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಮೂಳೆ, ಅದರ ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಕೆಳಗೆ ಹುಣಸೆಬೀಜದಷ್ಟು ಪುಟ್ಟದು, ಸೊಂಟದ ಬೋಗುಣಿಯ ನಡುವೆ, ಎಲ್ಲಿ ಇರಬಾರದೋ ಅಲ್ಲೇ, ಅಥವಾ ಎಲ್ಲಿ ಇರಬೇಕೋ ಅಲ್ಲೇ. ಅಂದರೆ ಇವಳು ಹೊತ್ತುಕೊಂಡೇ ಹೋದಳು, ಹೆರದೆ ಹೋದಳು, ಒಳಗಿನದು ಒಳಗೇ — ಇವಳಿಗೂ ಒಂದು ಮಧ್ಯಾಹ್ನ ಅಲುಗುವುದು ನಿಂತು, ಇವಳೂ ಯಾರಿಗೂ ಹೇಳದೆ, ನೀರು ತುಂಬುತ್ತಲೋ ಹಿಟ್ಟು ಕಲೆಸುತ್ತಲೋ ಒಳಗೇ ಕಿವಿಗೊಟ್ಟು ಕಾದಿದ್ದಳೇನೋ. ಸೊಂಟದಲ್ಲಿ ಸಣ್ಣ ಮೂಳೆ ಕಂಡ ತಕ್ಷಣ ಕೈ ಎತ್ತಿ, ಉಸಿರು ಬೇಕಾದ್ರೆ ಆಮೇಲೆ ಬಿಡಿ, ಮೊದಲು ನನ್ನನ್ನ ಕರೀರಿ, ಇದು ಮೇಡಂ ಹಾಕಿದ ನಿಯಮ. ಅವಳು ಕರೆಯಲಿಲ್ಲ. ಎಡಗೈಯನ್ನು ಬೊಗಸೆ ಮಾಡಿ ಆ ಮೂಳೆಗಳ ಮೇಲೆ ಕವುಚಿ ಹಿಡಿದಳು, ಮುಟ್ಟಲಿಲ್ಲ, ನೆರಳು ಕೊಟ್ಟಳು ಅಷ್ಟೆ. ದಡದ ಮೇಲೆ ನಕ್ಷೆ ಹಲಗೆ ತೊಡೆಗಿಟ್ಟುಕೊಂಡು ಕೂತಿದ್ದ ಸಹಪಾಠಿ ಪೆನ್ಸಿಲ್ — ಕಿವಿಯ ಮೇಲೆ ಸದಾ ಒಂದು ಸಿಕ್ಕಿಸಿಕೊಂಡಿರುತ್ತಾಳಾದ್ದರಿಂದ ತರಗತಿಯಲ್ಲೂ ಅದೇ ಹೆಸರು — ಬಗ್ಗಿ ಕೇಳಿದಳು, ಏನೇ, ಏನಾದ್ರೂ ಸಿಕ್ತಾ. ಇಲ್ಲ, ಬೇರು. ಬೇರು ನೋಡಿ ಹೀಗೆ ಬಿಳಿಚ್ಕೊಳ್ಳೋರನ್ನ ಇವತ್ತೇ ನೋಡಿದ್ದು ನಾನು, ನೀರು ಕುಡಿ. ಮುಚ್ಚಳ ಬರ್ತಿಲ್ಲ ಕಣೆ, ಎಂದು ತೋಳಿನಿಂದ ಕಣ್ಣೊರೆಸಿಕೊಂಡಳು, ಮುಚ್ಚಳಕ್ಕೆ ಯಾರಾದರೂ ಅಳುತ್ತಾರೆಯೇ, ಪೆನ್ಸಿಲ್ ಅವಳನ್ನೇ ಒಂದು ಕ್ಷಣ ನೋಡಿ, ಹಲಗೆ ಕೆಳಗಿಟ್ಟು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿಯೇಬಿಟ್ಟಳು, ಮೇಡಂ, ಇಲ್ಲೊಂಚೂರು ಬನ್ನಿ.

ಮೇಡಂ ಬಂದರು, ಏಣಿಯ ಒಂದೊಂದು ಮೆಟ್ಟಿಲಿಗೂ ಅವರ ಮಂಡಿ ಲಟಲಟ ಎನ್ನುತ್ತದೆ, ಈ ಗುಂಡೀಲಿ ಶಬ್ದ ಮಾಡೋ ಮೂಳೆ ನಂದೊಂದೇ, ಎನ್ನುತ್ತ ಇಳಿದರು, ಕೈ ತೆಗಿಯಮ್ಮ. ತೆಗೆಯಲಿಲ್ಲ. ತೆಗಿ, ಏನೂ ಮಾಡಲ್ಲ ಅದಕ್ಕೆ. ತೆಗೆದಳು. ಮಗು, ಅಲ್ವಾ ಮೇಡಂ, ಎಂದಳು, ಸ್ವರ ಬೇರೆ ಯಾರದೋ ಆಗಿತ್ತು. ಅವರು ಕೊರಳ ದಾರದಲ್ಲಿ ನೇತಾಡುವ ಭೂತಗನ್ನಡಿಯನ್ನು ಒರೆಸಿಕೊಂಡು ನೋಡಿದರು, ನೋಡಿದರು, ಇಷ್ಟು ಹೊತ್ತು ಯಾಕೆ ನೋಡಬೇಕು, ಆಮೇಲೆ ಹುಣಸೆಬೀಜದಷ್ಟಿದ್ದ ಆ ಮೂಳೆಯ ಪಕ್ಕದಲ್ಲಿ ತಮ್ಮ ತೋರುಬೆರಳನ್ನೇ ತಂದು ಇಟ್ಟರು. ಇದರ ತುದಿ ನೋಡು, ನುಣ್ಣಗಿದೆ, ಮುಗಿದಿದೆ. ಹುಟ್ಟದ ಮಗುವಿನ ಮೂಳೆಗೆ ತುದಿ ಮುಗಿದಿರಲ್ಲ, ಸೀಳಿದ ಕಡ್ಡಿ ಥರ ಒರಟಾಗಿರುತ್ತೆ. ಇದು ಬೆರಳು ಕಣಮ್ಮ, ಇವಳದ್ದೇ ಬೆರಳು, ಈ ತುದಿ ಅಗಲ ಆಗಿದ್ಯಲ್ಲ, ಉಗುರು ಕೂತಿದ್ದ ಜಾಗ. ಹೊಟ್ಟೆ ಮೇಲೆ ಕೈ ಜೋಡಿಸಿ ಮಲಗಿಸಿದಾರೆ, ಹೊಟ್ಟೆ ಕರಗಿದ ಮೇಲೆ ಬೆರಳು ಒಳಗೆ ಬಿದ್ದಿವೆ, ಮಣಿಕಟ್ಟು ಕಲ್ಲಿನಡಿ ಇದೆ, ಅದಕ್ಕೇ ನಿಂಗೆ ತೋರಿಲ್ಲ. ನಾನೂ ನನ್ನ ಮೊದಲನೇ ಗೋರಿಯಲ್ಲಿ ಇಂಥವೇ ಬೆರಳುಗಳಿಗೆ ತೊಟ್ಟಿಲು ಕಟ್ಟಿದ್ದೆ, ಎಲ್ಲರೂ ಕಟ್ತಾರೆ. ಬೆರಳು. ಅವಳಿಗೆ ನಗು ಬಂದಿತೋ ಅಳುವೋ, ಎರಡೂ ಒಂದೇ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವು, ಉಗುರು ಕೂತಿದ್ದ ಜಾಗ, ಉಗುರು ಕೂತಿದ್ದ ಜಾಗ, ಮಧ್ಯಾಹ್ನ ಫೋಟೋ, ನಕ್ಷೆ ಮುಗಿದವು, ಅವಳನ್ನು ಕಲ್ಲಿನ ಹತ್ತಿರ ಬಿಡದೆ ಮೇಡಂ ಉಳಿದವರಿಂದ ಹಾರೆ ಹಾಕಿಸಿ ಎತ್ತಿಸಿದರು, ಮಣ್ಣು ಸರಿಸಿದಂತೆ ಮಣಿಕಟ್ಟು, ಮೊಣಕೈ, ಕುಸಿದ ಪಕ್ಕೆಲುಬು, ದವಡೆ — ದವಡೆಯಲ್ಲಿ ಒಂದೇ ಒಂದು ಹಲ್ಲಿಲ್ಲ, ಗುಳಿಗಳು ಸಹ ಎಂದೋ ತುಂಬಿ ನುಣುಪಾಗಿವೆ, ಹಲ್ಲು ಹೋದ ಮೇಲೂ ವರ್ಷಗಟ್ಟಲೆ ಒಸಡಿನಲ್ಲೇ ಜಗಿದು ಬದುಕಿದ ದವಡೆ. ಪೆನ್ಸಿಲ್ ಕೂಗಿದಳು, ಏ, ನಿನ್ನ ಬಸುರಿ ಅಜ್ಜಿ ಕಣೇ, ಮೊಮ್ಮಕ್ಕಳನ್ನೂ ಬೈದು ಬುದ್ಧಿ ಕಲಿಸಿ ಬಂದು ಮಲಗಿದ್ದಾಳೆ. ಬೆಳಗಿನಿಂದ ಯಾರಿಗಾಗಿ ಒಳಗೊಳಗೇ ಅತ್ತಳೋ ಆ ಎಳೆಯ ಹೆಂಗಸು ಇರಲೇ ಇಲ್ಲ, ಇದ್ದವಳು ಬೊಚ್ಚುಬಾಯಿಯ ಮುದುಕಿ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಊಟವಾಯಿತು ಎನ್ನುವ ಹಾಗೆ. ಅವಳು ನಕ್ಕಳು, ಗುಂಡಿಯ ಗೋಡೆಗೆ ಒರಗಿ ನಕ್ಕಳು, ನಗುತ್ತಲೇ ಬಾಯಿಂದ ಬಂದುಬಿಟ್ಟಿತು, ಮೇಡಂ, ನಂಗೆ ಈಗ ಐದನೇ ತಿಂಗಳು, ನಿನ್ನೆಯಿಂದ ಅಲುಗಿಲ್ಲ. ಹೂಂ, ಮೇಡಂ ತಲೆಯೆತ್ತಲಿಲ್ಲ, ತಿಂಗಳೆಷ್ಟು ಅಂತ ಗೊತ್ತಿರ್ಲಿಲ್ಲ, ಉಳಿದಿದ್ದು ಗೊತ್ತಿತ್ತು, ಮೊದಲು ಕುಕ್ಕರುಗಾಲಲ್ಲಿ ಕೂರ್ತಿದ್ದೋಳು ಈಗ ಮಂಡಿ ಅಗಲಿಸಿ ಕೂರ್ತೀಯ, ಏಳೋವಾಗ ಸೊಂಟ ಹಿಡ್ಕೊಳ್ತೀಯ, ಮೂಳೆ ಮೇಲೆ ಮಾಂಸ ಇದ್ರೂ ನಂಗೆ ಓದಕ್ಕೆ ಬರುತ್ತಮ್ಮ, ಭಾರದ ಬಕೆಟ್ಟೆಲ್ಲ ಪೆನ್ಸಿಲ್ ಕೈಲಿ ನಾನ್ಯಾಕೆ ಹೊರಿಸ್ತಿದ್ದೆ ಅಂದ್ಕೊಂಡೆ, ಜೀಪ್ ಹೊರಡಿಸ್ತೀನಿ, ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬಾ. ಅದಕ್ಕಾ, ನನ್ನ ಭುಜ ಕಿತ್ತು ಹೋಯ್ತಲ್ಲ, ಎಂದಳು ಪೆನ್ಸಿಲ್, ಮೊದಲೇ ಹೇಳ್ಬಾರ್ದಾ, ಹಾಡು ಹೇಳ್ಕೊಂಡು ಹೊರ್ತಿದ್ದೆ. ಹೇಳಿದ್ದಾಯಿತು, ಇಬ್ಬರಿಗೆ, ಆಕಾಶವೇನೂ ಕಳಚಿ ಬೀಳಲಿಲ್ಲ, ಎದೆಯ ಮೇಲಿಂದಲೂ ಯಾರೋ ಹಾರೆ ಹಾಕಿ ಕಲ್ಲೆತ್ತಿದ ಹಾಗೆ, ಸಂಜೆ ಅಮ್ಮನಿಗೂ ಹೇಳಬೇಕು, ಅಮ್ಮ ಅಳಲಿ, ಅತ್ತರೆ ಅತ್ತಳು, ಅದೂ ಅಮ್ಮನದೇ ಹಕ್ಕು.

ಜೀಪ್ ಬರೋ ತನಕ ಈ ಬೆರಳುಗಳನ್ನ ತೆಗೆದಿಡ್ತೀನಿ ಮೇಡಂ, ಎಂದಳು, ಬೇರೆಯವರ ಕೈಗೆ ಇವನ್ನು ಕೊಡಲು ಯಾಕೋ ಮನಸ್ಸಾಗಲಿಲ್ಲ, ಕಾಗದದ ಮೇಲೆ ಒಂದೊಂದಾಗಿ, ಬುಡದ್ದು, ನಡುವಿನದು, ಈ ಬೆರಳು ಹಿಟ್ಟು ನಾದಿದೆ, ದಾರ ಪೋಣಿಸಿದೆ, ಯಾರದೋ ತಲೆಯಲ್ಲಿ ಹೇನು ಹುಡುಕಿದೆ, ಎಷ್ಟೋ ಸಲ ತನ್ನದೇ ಹೊಟ್ಟೆಯ ಮೇಲೆ ಕೂತು ಒಳಗಿನ ಸದ್ದಿಗೆ ಕಾದಿದೆಯೇನೋ, ಕಾದದ್ದು ಬಂದಿತೋ ಇಲ್ಲವೋ ಮೂಳೆ ಹೇಳುವುದಿಲ್ಲ, ಬಂದಿರಲಿ, ಬಾರದೆಯೂ ಹಲ್ಲೆಲ್ಲ ಉದುರುವ ತನಕ ಬದುಕಿದಳಲ್ಲ, ಕೊನೆಯದು ತುದಿಯದು, ಅಂಗೈ ಮೇಲಿಟ್ಟುಕೊಂಡಳು, ಭಾರವೇ ಇಲ್ಲ, ಮೇಲೆ ರಸ್ತೆಯಲ್ಲಿ ಜೀಪಿನ ಸದ್ದು, ಪೆನ್ಸಿಲ್ ಕರೆಯುತ್ತಿದ್ದಾಳೆ, ಬಾರೇ, ಬಂದೆ — ಎನ್ನಲು ಬಾಯಿ ತೆರೆದಾಗ ಹೊಕ್ಕುಳ ಕೆಳಗೆ, ಎಡಕ್ಕೆ, ಒಂದು ಗುಳ್ಳೆ. ಹಸಿವಿರಬೇಕು. ಉಸಿರು ಬಿಡಲಿಲ್ಲ. ಹಸಿವಲ್ಲ, ಮತ್ತೆ, ಅದೇ ಜಾಗದಲ್ಲಿ, ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದ ಹಾಗೆ, ಬೆರಳು, ಅದಕ್ಕೂ ಇರುತ್ತವೆ ಅಲ್ಲವೆ ಈಗ, ತುದಿ ಮುಗಿಯದ ಬೆರಳು, ಜೀಪು ಹಾರ್ನ್ ಹೊಡೆಯುತ್ತಿದೆ, ಹೋಗಬೇಕು, ಏಳಬೇಕು, ಏಳುತ್ತೇನೆ, ಅಂಗೈಯಲ್ಲಿ ಆ ಪುಟ್ಟ ಮೂಳೆ, ಅದರ ಅಗಲವಾದ ತುದಿ, ಉಗುರು ಕೂತಿದ್ದ ಜಾಗ, ಉಗುರು ಕೂತಿದ್ದ