ದೊಡ್ಡಪ್ಪನ ಬಾಗಿಲು, ಅತ್ತೆಯ ಬಾಗಿಲು

ಪೆನ್ಸಿಲ್ವೇನಿಯಾದ ನಮ್ಮ ಕಡೆ, ಹಿಂದೆ ಜರ್ಮನರು ಕಟ್ಟಿದ ಕಲ್ಲುಮನೆಗಳಿಗೆ ಮುಂಭಾಗದಲ್ಲೇ ಪಡಸಾಲೆಗೊಂದು, ಅಡುಗೆಮನೆಗೊಂದು ಎಂದು ಎರಡು ಬಾಗಿಲಿರುವುದು ಹೊಸತೇನಲ್ಲ. ಬಾಗಿಲಿಗೊಬ್ಬರಂತೆ ಜಗಳಗಂಟರಿರುವುದು ಮಾತ್ರ ನಮ್ಮ ಮನೆಯಲ್ಲೇ. ಅಜ್ಜ ತೀರಿಕೊಂಡಾಗ ಶವಪೆಟ್ಟಿಗೆ ಪದ್ಧತಿಯಂತೆ ಪಡಸಾಲೆ ಬಾಗಿಲಿಂದ ಹೋಗಬೇಕೆಂದಳು ಎಲ್ಮೀನಾ ಅತ್ತೆ. ಅಜ್ಜ ಓಡಾಡಿದ ಅಡುಗೆಮನೆ ಬಾಗಿಲಿಂದಲೇ ಎಂದ ಅವಳ ತಮ್ಮ, ಕ್ಲೇಟನ್ ದೊಡ್ಡಪ್ಪ. ಗೆದ್ದದ್ದು ಅವನು. ಅಂದಿನಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ, ಒಬ್ಬರ ಬಾಗಿಲು ಇನ್ನೊಬ್ಬರು ತುಳಿಯುವುದಿಲ್ಲ.

"ವರ್ನಾ, ಉಪ್ಪು ಕೊಡೋಕೆ ಹೇಳು ನಿನ್ನ ಅತ್ತೆಗೆ."

"ಅವನ ಮೂಗಿನ ಕೆಳಗೇ ಇದೆ ಅಂತ ಹೇಳೇ."

ಥೂ, ಇವರ ಅಂಚೆಯವಳಾಗಿ ನನ್ನ ತಲೆ ನೆರೆಯಿತು.

ಇತ್ತ ಚಾವಣಿ ಸೋರುತ್ತಿತ್ತು. ಇನ್ನೊಂದು ಚಳಿಗಾಲ ಬಂದರೆ ತೊಲೆಗಳೇ ಕುಸಿಯುತ್ತವೆ. ಹಳೆಮನೆ ಉಳಿಸುವ ಸಂಘದವರು ಚಾವಣಿ ಹಾಕಿಸಲು ಒಪ್ಪಿದರು. ಆದರೆ ಮನೆಯ ಮುಂಭಾಗ ೧೭೬೭ರಲ್ಲಿ ಹೇಗಿತ್ತೋ ಹಾಗೇ ಆಗಬೇಕು, ಆಮೇಲೆ ಕೊರೆದ ಬಾಗಿಲು ಮುಚ್ಚಬೇಕು, ಮನೆ ಇಬ್ಬರ ಹೆಸರಲ್ಲಿರುವುದರಿಂದ ಇಬ್ಬರೂ ಸಹಿ ಹಾಕಬೇಕು.

"ಆಮೇಲೆ ಕೊರೆದಿದ್ದು ಅವಳದ್ದೇ," ಎಂದು ದೊಡ್ಡಪ್ಪ ಸಹಿ ಹಾಕಿದ.

"ಅವನದ್ದು ಮುಚ್ಚಲಿ, ಪೀಡೆ ತೊಲಗುತ್ತೆ," ಎಂದು ಅತ್ತೆಯೂ ಹಾಕಿದಳು.

ಸಂಘದ ಗಾರೆಯವನು ಎರಡು ದಿನ ಗೋಡೆ ಕೆರೆದ. ಇವರಿಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾದರು. ಕೊನೆಗೆ ಅವನು ಎರಡು ಬಾಗಿಲುಗಳ ನಡುವಿನ ಕಿಟಕಿಯ ಕೆಳಗೆ ಬೆರಳಿಟ್ಟ. ಅಲ್ಲಿ ಕಲ್ಲು ಬೇರೆ, ಗಾರೆ ಬೇರೆ.

"ಮೊದಲು ಇದ್ದಿದ್ದು ಇದೊಂದೇ ಬಾಗಿಲು. ಆಮೇಲೆ ಕೆಳಗೆ ಕಲ್ಲು ತುಂಬಿ ಕಿಟಕಿ ಮಾಡಿದ್ದಾರೆ. ಆ ಎರಡೂ ಆಮೇಲಿನವು."

ಇಬ್ಬರ ಮುಖವೂ ಇಂಗು ತಿಂದ ಮಂಗನಂತಾಯಿತು. ನಾನು ಹಿತ್ತಿಲಿಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಚಾವಣಿ ಬಂತು. ಎರಡು ಬಾಗಿಲೂ ಮುಚ್ಚಿದವು, ನಡುವೆ ಒಂದು ತೆರೆಯಿತು. ಮೊದಲ ದಿನ ಮಧ್ಯಾಹ್ನ ದೊಡ್ಡಪ್ಪ ಕೊಟ್ಟಿಗೆಯಿಂದ, ಅತ್ತೆ ತೋಟದಿಂದ, ಒಂದೇ ಹೊತ್ತಿಗೆ ಹೊಸ್ತಿಲಿಗೆ ಬಂದು ನಿಂತರು. ಒಬ್ಬರೂ ಹಿಂದೆ ಸರಿಯಲೊಲ್ಲರು. ಒಳಗೆ ಹಂದಿಮಾಂಸ, ಒಣಸೇಬು ಹಾಕಿ ಬೇಯಿಸಿದ ಕಡುಬು ಆರುತ್ತಿತ್ತು.

"ನಿಂತುಕೊಂಡೇ ಸಾಯಿರಿ! ನಾನೊಬ್ಬಳೇ ಉಣ್ತೀನಿ!" ಎಂದು ಕಿರುಚಿದೆ.

ಅತ್ತೆ ತಮ್ಮನ ಕಾಲು ನೋಡಿದಳು.

"ಆ ಕೆಸರು ಬೂಟು ಬಿಚ್ಚಿ ಒಳಗೆ ಬಾರೋ."

ನನಗಲ್ಲ, ಅವನಿಗೇ ಹೇಳಿದ್ದು. ದೊಡ್ಡಪ್ಪ "ವರ್ನಾ, ನಿನ್ನ ಅತ್ತೆಗೆ..." ಎಂದವನು ಅಲ್ಲಿಗೇ ನಿಲ್ಲಿಸಿ, ಬಗ್ಗಿ ಬೂಟು ಬಿಚ್ಚಿದ. ಬಿಚ್ಚಿದ್ದನ್ನು ಹೊಸ್ತಿಲ ಪಕ್ಕ ಜೋಡಿಸಿಟ್ಟ.

"ಅಪ್ಪನ್ನ ಇಲ್ಲಿಂದಲೇ ಕಳಿಸಬೇಕಿತ್ತು ಕಣಕ್ಕಾ."

"ಆಗ ಇದು ಕಿಟಕಿ ಕಣೋ, ಪೆದ್ದ," ಎಂದಳು ಅತ್ತೆ, ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ.