ಒವಿದಿಯೊ ಬಿಗಿದ ತಂತಿ

ಅಂಗಳದ ಸೀಬೆಮರಕ್ಕೆ ಕಟ್ಟಿದ್ದ, ಮಣ್ಣಿಲ್ಲದೆ ಬೆಳೆಯುವ ಗಾಳಿಗಿಡ ಬುಡದಿಂದ ಕಪ್ಪಾಗುತ್ತಿರುವುದನ್ನು ದೆಲ್ಫೀನಾ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ರೊಟ್ಟಿಗೆ ಮೆಕ್ಕೆಜೋಳ ಬೀಸಿಸಿಕೊಂಡು ಬರುವಾಗ, ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಬೂದುಬೆಳ್ಳಿ ಬಣ್ಣದ ಎಲೆಗಳು ಒಳಮುಖವಾಗಿ ಮುದುಡಿದ್ದವು. ನೀರು ಸಾಲದೇನೋ ಎಂದು ಚಿಮುಕಿಸಿದಳು. ಹೆಚ್ಚಾಯಿತೇನೋ ಎಂದು ನಿಲ್ಲಿಸಿದಳು.

ಅದು ಅವಳ ಗಂಡ ಒವಿದಿಯೊ ತಂದ ಕೊನೆಯ ಗಿಡ. ಅವರೂರು ಸಲಾಮಾದ ಕರೆಂಟು ತಂತಿಗಳ ಮೇಲೆ ಈ ಗಿಡಗಳು ಹಕ್ಕಿಗೂಡಿನಂತೆ ಉಂಡೆಕಟ್ಟಿ ಬೆಳೆಯುತ್ತವೆ. ಏಣಿ ಹಾಕಿ ಅವನ್ನು ಕೆರೆದು ಬೀಳಿಸುವುದೂ ಲೈನ್‌ಮನ್ ಆಗಿದ್ದ ಅವನ ಕೆಲಸವೇ. ಬಿದ್ದುದರಲ್ಲಿ ಒಂದನ್ನು ಜೇಬಿಗಿಳಿಸಿ ಮನೆಗೆ ತರುತ್ತಿದ್ದ.

"ಹೆಂಡ್ತಿಗೆ ಹೂ ತರೋರನ್ನ ನೋಡಿದೀನಿ. ಬದನಿಕೆ ತರೋನು ನೀನೊಬ್ನೇ," ಎಂದು ಅವಳು ಛೇಡಿಸುತ್ತಿದ್ದಳು.

"ಬದನಿಕೆ ಅನ್ಬೇಡ್ವೇ, ಪಾಪ. ಯಾರ ರಸಾನೂ ಹೀರಲ್ಲ ಇದು. ಗಾಳೀಲಿ ಬಂದಿದ್ದನ್ನ ತಿಂದ್ಕೊಂಡು ಬಿದ್ದಿರತ್ತೆ, ನನ್ ಥರ."

ಈ ಗಿಡವನ್ನು ಮಾತ್ರ ಚೀಲದಲ್ಲಿದ್ದ ತುಂಡು ತಂತಿಯಿಂದ ಕೊಂಬೆಗೆ ಬಿಗಿದು, "ತಂತಿ ಮೇಲೆ ಹುಟ್ಟಿದ್ದಲ್ವಾ, ತಂತೀನೇ ಇದಕ್ಕೆ ತವರು" ಎಂದು ನಕ್ಕಿದ್ದ. ಅದೇ ವಾರ, ಎದೆನೋವು ಎಂದು ಮಲಗಿದವನು ಏಳಲಿಲ್ಲ.

ಭಾನುವಾರ ಒವಿದಿಯೊನ ಅಕ್ಕ ಗೋಯಾ ಬೇಯಿಸಿದ ಕಪ್ಪು ಹುರುಳಿಕಾಯಿ ಬೀಜದ ಪಾತ್ರೆ ಹಿಡಿದು ಬಂದಳು. ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟುವ ಗೋದಲಿಯ ಅಲಂಕಾರಕ್ಕೆಂದು ಇಂಥ ಗಿಡಗಳನ್ನು ಬೆಳೆಸಿ ಮಾರುವವಳು ಅವಳು. ಪಾತ್ರೆ ಇಳಿಸುವ ಮೊದಲೇ ಕಣ್ಣು ಮರದತ್ತ ಹೋಯಿತು.

"ಇದು ತಾಮ್ರದ ತಂತಿ ಅಲ್ವೇನೇ?"

"ಹೌದಕ್ಕ. ಒವಿದಿಯೊ ಕಟ್ಟಿದ್ದು."

"ಅವನ ತಲೆ! ಕಂಬದ ಮೇಲಿನ ತಂತಿ ಅಲ್ಯುಮಿನಿಯಂ ಕಣೇ. ತಾಮ್ರ ಈ ಗಿಡಕ್ಕೆ ವಿಷ. ಇಬ್ಬನಿ ಬಿದ್ದಾಗೆಲ್ಲ ಬುಡಕ್ಕೆ ಇಳಿಯತ್ತೆ. ಬಿಚ್ಚು ಮೊದ್ಲು. ಮಳೆನೀರಲ್ಲಿ ಅದ್ದಿ, ತಲೆಕೆಳಗೆ ಮಾಡಿ ಒದರು, ನಡುವೆ ನೀರು ನಿಲ್ಬಾರ್ದು. ಆಮೇಲೆ ಹಳೇ ಕಾಲುಚೀಲ ಹರಿದು ಕಟ್ಟು."

"ಬಿಚ್ಚಲ್ಲ."

"ಸತ್ತೋಗತ್ತೆ."

"ಅವನ ಅಂಗಿ, ಬೂಟು, ಇಕ್ಕಳ ಎಲ್ಲಾ ನೀವೇ ಹಂಚಿದ್ರಿ. ಅವನ ಕೈ ಮುಟ್ಟಿ ಮಾಡಿದ್ದು ಇದೊಂದೇ ಉಳಿದಿರೋದು."

"ಅವನು ಗಿಡ ತಂದಿದ್ದು ಬದುಕ್ಲಿ ಅಂತ," ಎಂದಷ್ಟೇ ಹೇಳಿ ಗೋಯಾ ಪಾತ್ರೆ ಬಿಸಿಮಾಡಲು ಒಳಗೆ ಹೋದಳು.

ದೆಲ್ಫೀನಾ ಮರದ ಬಳಿ ಹೋಗಿ ತಂತಿಯ ತುದಿ ಹಿಡಿದಳು. ತಿರುಗಿಸಿದಳು. ತಂತಿ ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿದು ಬುಡವನ್ನು ಕಚ್ಚಿತು. ಒಂದು ಎಲೆ ಕಳಚಿ ಬಿತ್ತು. ಬಲ ಹಾಕಿ ಮತ್ತೊಮ್ಮೆ ತಿರುಗಿಸಿದಳು. ಮತ್ತೂ ಬಿಗಿಯಿತು. ಇದೂ ತನ್ನ ಮಾತು ಕೇಳುವುದಿಲ್ಲವೆಂದು ಸಿಟ್ಟು ಬಂತು.

ಆಮೇಲೆ ಹೊಳೆಯಿತು. ಒವಿದಿಯೊ ಎಡಗೈಯವನು. ಲೋಕವೆಲ್ಲ ತಿರುಚುವ ದಿಕ್ಕಿಗೆ ಉಲ್ಟಾ ತಿರುಚುತ್ತಿದ್ದ.

ಊಟಕ್ಕೆ ಪಕ್ಕದಲ್ಲಿ ಕೂತರೆ ಅವನ ಎಡ ಮೊಣಕೈ ಅವಳ ಬಲ ಮೊಣಕೈಗೆ ತಗುಲುತ್ತಿತ್ತು. "ಆ ಕಡೆ ಸರಿ" ಎಂದು ದಿನವೂ ಗದರುತ್ತಿದ್ದಳು. ಈಗ ಯಾವ ಅಡ್ಡಿಯೂ ಇಲ್ಲದೆ ಉಣ್ಣುತ್ತಿದ್ದಳು, ಅದು ಗಮನಕ್ಕೇ ಬಂದಿರಲಿಲ್ಲ. ಯಾವತ್ತಿನಿಂದ ಮರೆತೆ? ಇನ್ನೇನೇನು ಮರೆತಿರಬಹುದು? ಅವಳು ಕೊಂಬೆಗೆ ಹಣೆಯಾನಿಸಿದಳು.

"ತಂತಿ ಬಂತೇನೇ?" ಒಳಗಿನಿಂದ ಗೋಯಾ ಕೂಗಿದಳು.

"ಬರ್ತಾ ಇದೆ, ಅಕ್ಕ."

ಎಡಗೈಗೆ ತುದಿ ಬದಲಿಸಿಕೊಂಡು, ತನಗೆ ಅಭ್ಯಾಸವಿಲ್ಲದ ದಿಕ್ಕಿಗೆ ಮೆಲ್ಲಗೆ ತಿರುಗಿಸಿದಳು. ಸುತ್ತು ಸುತ್ತಾಗಿ ತಂತಿ ಬಿಟ್ಟುಕೊಟ್ಟಿತು. ಗಿಡ ಅಂಗೈಗೆ ಬಂತು. ಒಂದು ಪಕ್ಕ ಪೂರ್ತಿ ಕಪ್ಪಾಗಿತ್ತು. ಇನ್ನೊಂದು ಪಕ್ಕವನ್ನು ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿಯಿತ್ತೋ ಇಲ್ಲವೋ, ತಿಳಿಯಲಿಲ್ಲ; ಮಳೆನೀರಲ್ಲಿ ಅದ್ದಿ, ತಲೆಕೆಳಗೆ ಮಾಡಿ ಒದರಿದಳು.