ಅಕ್ಷರವಿಲ್ಲದ ರೆಕಾರ್ಡು

“ತೆಗಿ ಅದನ್ನ,” ಎನ್ನುತ್ತಲೇ ಅಕ್ಕ ಪ್ಲೇಯರಿನ ಮುಳ್ಳನ್ನು ತಾನೇ ಎತ್ತಿಬಿಟ್ಟಳು. ತಿರುಗುತ್ತಿದ್ದ ರೆಕಾರ್ಡು ಹಾಡಿನ ಮೊದಲ ಪದವನ್ನೂ ಪೂರ್ತಿ ಆಡದೆ ಬಾಯಿ ಮುಚ್ಚಿಕೊಂಡಿತು.

ಡ್ರಮ್ ಬಾರಿಸುವವನು ಪೆಚ್ಚಾಗಿ ನಿಂತ. ಗೆಳೆಯರ ಬಾಯಲ್ಲಿ ಅವನು ಗುಡುಗಣ್ಣ. ಹೆಸರಿಗೆ ಗುಡುಗು, ಅಕ್ಕನ ಮುಂದೆ ಮಾತ್ರ ಮೊದಲಿನಿಂದಲೂ ಬರೀ ತುಂತುರು.

“ಅಲ್ಲಕ್ಕಾ, ಜನಕ್ಕೆ ಗೊತ್ತಿರೋದು ನಮ್ಮ ಮೊದಲನೇ ಆಲ್ಬಮ್ ಒಂದೇ. ಅದನ್ನ ಹಾಕಿದ್ರೆ ಬಂದವರು ಎರಡು ಹನಿ ಕಣ್ಣೀರಾದ್ರೂ ಹಾಕ್ತಾರೆ.”

“ಕಣ್ಣೀರಿಗೆ ನಾನಿದ್ದೀನಿ. ನೀನು ಎರಡನೇದು ಹಾಕು. ಅವನು ಬಾಯಿಬಿಟ್ಟು ಕೇಳಿದ್ದು ಅದನ್ನೇ.”

ಕೇಳಿದ್ದು ನಿಜ. ಕಳೆದ ವಾರ ಆಸ್ಪತ್ರೆಯ ಮಂಚದ ಮೇಲೆ ತಮ್ಮ, “ಹಾಡು ಅಂತ ಏನಾದ್ರೂ ಹಾಕಿಸೋದಿದ್ರೆ ಎರಡನೇದು ಹಾಕ್ಸಕ್ಕಾ,” ಎಂದಿದ್ದ. ಒಂದು ಉಸಿರು ಎಳೆದುಕೊಂಡು, “ಬೇಡ ಬಿಡು, ಯಾರಿಗೂ ಹಿಡಿಸಲ್ಲ,” ಎಂದು ಗೋಡೆಯ ಕಡೆ ಹೊರಳಿದ್ದ. ಆ ಕೊನೆಯ ಮಾತು ತನ್ನ ಕಿವಿಗೆ ಬಿದ್ದೇ ಇಲ್ಲವೆಂದು ಅಕ್ಕ ಅವತ್ತೇ ತೀರ್ಮಾನಿಸಿದ್ದಳು.

ಚಿತಾಗಾರದ ಆ ಕೋಣೆಯಲ್ಲಿ ಒಂದೊಂದು ಮನೆಯವರಿಗೆ ನಲವತ್ತು ನಿಮಿಷ. ಸಾಲು ಕುರ್ಚಿಗಳು, ಬೂದು ಬಣ್ಣದ ಪರದೆ, ಪರದೆಯ ಮುಂದೆ ಮರದ ಪೆಟ್ಟಿಗೆಯಲ್ಲಿ ತಮ್ಮ. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಜೊತೆಗೆ ದುಡಿದವರು ಕೆಲಸದ ನೀಲಿ ಅಂಗಿಯಲ್ಲೇ ಬಂದು ಒಂದೇ ಸಾಲಿನಲ್ಲಿ ಕೂತಿದ್ದರು. ಯಾವುದೋ ಕಟ್ಟಡದ ಐದನೇ ಮಹಡಿಯ ಅಜ್ಜಿಯೊಬ್ಬರು ಅಕ್ಕನ ಕೈ ಹಿಡಿದುಕೊಂಡರು.

“ನನ್ನ ಮಂಡಿ ನೋಡಿ ದೇವರೇ ಕಳಿಸಿದ ಹುಡುಗ ಕಣಮ್ಮ ಅವನು. ಫೋನ್ ಮಾಡಿದ್ರೆ ಊಟ ಬಿಟ್ಟು ಬರ್ತಿದ್ದ. ಅದೇನು, ಹಾಡ್ತಿದ್ನಂತೆ? ನಮ್ಮ ಮುಂದೆ ಒಂದು ದಿನ ಜೋರಾಗಿ ಕೆಮ್ಮಿದ್ದೂ ಇಲ್ಲ!”

ಅಕ್ಕ ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ವಿಮರ್ಶಕರು ಕಾಣಿಸಿಕೊಂಡರು. ಪತ್ರಿಕೆಯಲ್ಲಿ ಮೂವತ್ತು ವರ್ಷದಿಂದ ಹಾಡುಗಳ ಬಗ್ಗೆ ಬರೆಯುವವರು. ಬಿಳಿ ಗಡ್ಡ, ಇಸ್ತ್ರಿ ಕೆಡದ ಕೋಟು, ಮುಖದಲ್ಲಿ ಅಳತೆ ಕೊಟ್ಟು ಹೊಲಿಸಿದಂಥ ದುಃಖ.

“ನೀವು ಅಕ್ಕ ಅಲ್ವೇ? ಮನಸ್ಸಿಗೆ ಬಹಳ ನೋವಾಯ್ತಮ್ಮ. ನಿಮ್ಮ ತಮ್ಮನ ಮೊದಲ ಆಲ್ಬಮ್ ಬಗ್ಗೆ ನಾನು ಎಷ್ಟು ಹೊಗಳಿ ಬರೆದಿದ್ದೆ! ಇವತ್ತು ನಾಲ್ಕು ಮಾತಾಡಿ ಅಂತ ಡ್ರಮ್ಮಿನವರು ಕರೆದರು.” ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಗುಟ್ಟು ಹೇಳುವವರಂತೆ ಬಾಗಿದರು. “ಎರಡನೇದರ ವಿಷಯ ಎತ್ತೋದಿಲ್ಲ, ಹೆದರಬೇಡಿ. ಅದನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ.”

ಕ್ಷಮಿಸಿಬಿಟ್ಟಿದ್ದಾರಂತೆ! ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದು, ಸಾವಿನ ಎದುರಲ್ಲಿ ನನ್ನ ನಾಲಿಗೆ ಕಾಯಪ್ಪಾ ದೇವರೇ ಎಂದು ಬೇಡಿಕೊಂಡಳು.

*

ಹತ್ತೊಂಬತ್ತು ವರ್ಷದ ಹಿಂದೆ ಆ ಎರಡನೇ ಆಲ್ಬಮ್ ಸಿದ್ಧವಾದದ್ದು ಅಕ್ಕನ ಅಡುಗೆಮನೆಯ ಮೇಜಿನ ಮೇಲೆ. ತಮ್ಮ, ಗುಡುಗಣ್ಣ, ಗಿಟಾರಿನವನು, ಮೂರೇ ಜನದ ತಂಡ. ಫೋಟೊದಲ್ಲಿ ನಕ್ಕರೆ ಯಾರೋ ಹಿಡಿದುಕೊಂಡು ಹೋಗುತ್ತಾರೆ ಎನ್ನುವ ಹಾಗೆ ನಿಲ್ಲುತ್ತಿದ್ದರು. “ಯಾರ ಮನೇಲಿ ಯಾರು ಹೋದ್ರಪ್ಪಾ?” ಎಂದು ಅಕ್ಕ ರೇಗಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ.

ರೆಕಾರ್ಡಿನ ನಡುವಿನ ಗುಂಡು ಲೇಬಲ್ ಹೇಗಿರಬೇಕೆಂದು ಮೂರು ದಿನ ಚರ್ಚೆ ನಡೆಯಿತು. ಕೊನೆಗೆ, “ಬರೀ ಕಪ್ಪಗಿರಲಿ. ಅಕ್ಷರ ಬೇಡ, ಅಂಕಿ ಬೇಡ, ನಮ್ಮ ಹೆಸರೂ ಬೇಡ. ಹಾಡೇ ಮಾತಾಡಲಿ,” ಎಂದ ತಮ್ಮ. ಉಳಿದಿಬ್ಬರೂ ವೇದವಾಕ್ಯ ಕೇಳಿದವರಂತೆ ತಲೆಯಾಡಿಸಿದರು. ಆದರೆ ಒಂದು ತೊಡಕಿತ್ತು. ಆಲ್ಬಮ್ಮಿನ ಅಗಲವಾದ ರೆಕಾರ್ಡುಗಳು ಸಾಮಾನ್ಯವಾಗಿ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುತ್ತವೆ. ನಲವತ್ತೈದು ತಿರುಗಿದರೆ ದನಿ ಇನ್ನೂ ತಿಳಿಯಾಗಿರುತ್ತದೆಂದು ತಮ್ಮ ಹಟ ಹಿಡಿದು ಹಾಗೆಯೇ ಮಾಡಿಸಿದ್ದ.

“ಅಂಕಿ ಹಾಕದೆ ಹೋದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೋ?” ಎಂದಿದ್ದಳು ಅಕ್ಕ.

“ಒಳಗೆ ಚೀಟಿ ಇಡೋಣ.”

ಬಟ್ಟೆ ಆಲ್ಟರೇಷನ್ ಅಂಗಡಿಯ ತನ್ನ ದೊಡ್ಡ ಕತ್ತರಿಯಲ್ಲಿ ಅಕ್ಕ ಮುನ್ನೂರು ಚೀಟಿ ಕತ್ತರಿಸಿಕೊಟ್ಟಳು. ಲಿಫ್ಟಿನ ಗ್ರೀಸು ಉಗುರಲ್ಲಿ ಉಳಿದಿದ್ದ ಕೈಯಿಂದ ತಮ್ಮ ಒಂದೊಂದರ ಮೇಲೂ ಬರೆದ: ‘ದಯವಿಟ್ಟು ನಲವತ್ತೈದರಲ್ಲಿ ಕೇಳಿ.’

ತಿಂಗಳೊಳಗೆ ಪತ್ರಿಕೆಯಲ್ಲಿ ಇದೇ ವಿಮರ್ಶಕರ ಬರಹ ಬಂತು. ‘ಮೊದಲೇ ಮಂಕು ಕವಿದಿದ್ದ ತಂಡ ಈಗ ಪೂರಾ ನಿದ್ದೆಗೆ ಜಾರಿದೆ. ಹಾಡುಗಾರನದು ಕೆಸರಲ್ಲಿ ಹೂತ ಎಮ್ಮೆಯ ದನಿ.’ ಆಮೇಲೆ ಬರೆದವರೆಲ್ಲ ಅದೇ ಎಮ್ಮೆಯನ್ನು ತಮ್ಮ ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು.

“ಎಮ್ಮೆ ದನಿಯಂತಕ್ಕ,” ಎಂದ ತಮ್ಮ, ಪತ್ರಿಕೆ ಹಿಡಿದುಕೊಂಡು. ಮುಖದಲ್ಲಿ ಅರ್ಧ ನಗು, ಅರ್ಧ ಗಲಿಬಿಲಿ. “ಸ್ಕೂಲಲ್ಲಿ ನನ್ನನ್ನ ಕೀರಲು ಪೀಪಿ ಅಂತಿದ್ರು. ಇದು ಬೇರೆ ಯಾರದನ್ನೋ ಕೇಳಿ ಬರೆದ ಹಾಗಿದೆ. ಅಲ್ವಾ?”

ಅಕ್ಕ ಯಾರದೋ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತದೆ, “ತಿಳಿದವರು ಬರೆದಿದ್ದಾರೆ ಅಂದ್ಮೇಲೆ ಏನೋ ಇರುತ್ತಪ್ಪ,” ಎಂದಳು.

ಅವನು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ದಿನಾ ಬಚ್ಚಲಿನಲ್ಲಿ ಹಾಡುತ್ತಿದ್ದವನು; ಮಾರನೇ ದಿನ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅದರ ಮಾರನೇ ದಿನವೂ ಇಲ್ಲ. ರೆಕಾರ್ಡು ಕಪಾಟು ಸೇರಿತು. ಅಕ್ಕನೂ ಅದನ್ನು ಒಂದು ಸಲವೂ ಹಾಕಿಸಿ ಕೇಳಲಿಲ್ಲ. ಕೇಳಿ ತನಗೂ ಎಮ್ಮೆಯ ದನಿಯೇ ಕೇಳಿಸಿಬಿಟ್ಟರೆ ಎಂಬ ಭಯ.

*

ಗುಡುಗಣ್ಣ ಸ್ಪೀಕರಿನ ವೈರು ಸರಿಮಾಡಲು ಪರದೆಯ ಪಕ್ಕಕ್ಕೆ ಹೋದ. ಅಕ್ಕ ಕಪ್ಪು ಲೇಬಲಿನ ರೆಕಾರ್ಡನ್ನು ಹೊದಿಕೆಯಿಂದ ಹೊರಗೆಳೆಯುತ್ತಿದ್ದಾಗ ವಿಮರ್ಶಕರು ಕೈ ಚಾಚಿದರು.

“ಕೊಡಿಮ್ಮಾ, ನಿಮಗೆ ಇದೆಲ್ಲ ಅಭ್ಯಾಸ ಇರಲ್ಲ. ಎರಡನೇದೇ ಹಾಕಬೇಕು ಅಂತಿದ್ರೆ ಹಾಕೋಣ. ನಾನು ದೊಡ್ಡ ಮನಸ್ಸು ಮಾಡ್ತೀನಿ.”

ಅಂಚು ಮಾತ್ರ ತಾಗುವಂತೆ ನಯವಾಗಿ ಹಿಡಿದು ರೆಕಾರ್ಡನ್ನು ಕೂರಿಸಿದರು, ಮುಳ್ಳು ಇಳಿಸಿದರು. ಗಿಟಾರು ಆಕಳಿಸಿತು. ಡ್ರಮ್ಮು ಎಳೆದೆಳೆದು ಹೆಜ್ಜೆ ಹಾಕಿತು. ಆಮೇಲೆ ಒಂದು ದನಿ ನೆಲದ ಕೆಳಗಿನಿಂದ ಬಂದಂತೆ ಬಂತು. ದಪ್ಪ, ಭಾರ, ಯಾರೋ ಗಂಟಲಿಗೆ ಮರಳು ತುಂಬಿದ ಹಾಗೆ.

“ಯಾರಿದು?” ಎಂದಳು ಅಕ್ಕ.

ಗುಡುಗಣ್ಣ ವೈರು ಬಿಟ್ಟು ಓಡಿಬಂದ. “ಏ ಸಾರ್, ಸ್ಪೀಡ್ ತಪ್ಪಿದೆ! ಮೂವತ್ತಮೂರಕ್ಕೆ ಇಟ್ಟಿದ್ದೀರಿ, ಅದಕ್ಕೇ ದನಿ ಹೀಗೆ ದಪ್ಪ ಆಗಿದೆ!”

ವಿಮರ್ಶಕರು ನಕ್ಕರು. “ಇಲ್ಲಪ್ಪ, ಸರಿಯಾಗಿಯೇ ಇದೆ. ಇದು ಇರೋದೇ ಹೀಗೆ. ನಾನು ಕೇಳಿದ್ದು ಇದನ್ನೇ.”

ಹೇಳಿ ಮುಗಿಸಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ನಗು ಮುಖದಲ್ಲಿ ಹಾಗೇ ನಿಂತುಹೋಯಿತು. ಗುಡುಗಣ್ಣ ಮುಳ್ಳು ಎತ್ತಿದ. ನೀಲಿ ಅಂಗಿಯವರು ಒಬ್ಬರ ಮುಖ ಒಬ್ಬರು ನೋಡಿದರು.

“ಒಳಗೊಂದು ಚೀಟಿ ಇತ್ತಲ್ಲ,” ಎಂದಳು ಅಕ್ಕ. ದನಿ ಏರಲಿಲ್ಲ. “ನಾನೇ ಕತ್ತರಿಸಿದ್ದು. ಅವನು ಕೈಯಾರೆ ಬರೆದಿದ್ದು.”

“ಏನೋ ಇತ್ತಮ್ಮ... ಪ್ರಚಾರದ ಕಾಗದ ಅಂದ್ಕೊಂಡೆ. ಅವನ್ನೆಲ್ಲ ನಾವು ಓದೋದಿಲ್ಲ. ಮೊದಲೇ ಮಂಕು ತಂಡ, ಇನ್ನಷ್ಟು ಮಂಕಾಗಿದೆ ಅಂತ...”

“ಎಷ್ಟು ಸಲ ಕೇಳಿದ್ರಿ?”

“ಆ ವಾರ ಬರೆಯೋಕೆ ಏಳೆಂಟು ಆಲ್ಬಮ್ ಇತ್ತು, ನೋಡಿ—”

“ಎಷ್ಟು ಸಲ?”

“ಒಂದು. ರೆಕಾರ್ಡಿನ ಮೊದಲ ಮಗ್ಗುಲು ಮಾತ್ರ.”

“ಒಂದು ಮಗ್ಗುಲು!” ಈಗ ದನಿ ಕೋಣೆಯ ಸೂರಿಗೆ ತಾಗಿತು. “ಒಂದು ಮಗ್ಗುಲು, ಅದನ್ನೂ ತಪ್ಪು ಕೇಳಿ, ಹತ್ತೊಂಬತ್ತು ವರ್ಷ ನನ್ನ ತಮ್ಮನ ಬಾಯಿ ಹೊಲಿದುಬಿಟ್ರಲ್ಲ! ಬಚ್ಚಲಲ್ಲೂ ಹಾಡಲಿಲ್ಲ ರೀ ಅವನು! ಈ ಅಜ್ಜಿ ಹೇಳ್ತಿದ್ದಾರೆ, ಕೆಮ್ಮಿದ್ದೂ ಇಲ್ಲ ಅಂತ. ಈಗ ಬಂದು ಕ್ಷಮಿಸಿದ್ದೀನಿ ಅಂತೀರಾ? ಯಾರು ಯಾರನ್ನ?”

“ನಮಗಾದ್ರೂ ಹೊಳೀಬೇಕಿತ್ತು,” ಎಂದು ಗುಡುಗಣ್ಣ ಗೊಣಗಿದ. “ಮನೆ ತುಂಬ ರೆಕಾರ್ಡು ಇಟ್ಕೊಂಡೋರಿಗೆ ಮಿಷನ್ ಹಾಕೋಕೆ ಬರಲ್ಲ ಅಂತ ಯಾರಿಗೆ ಅನುಮಾನ ಬರುತ್ತೆ?”

“ಅವನಿಗೆ ಬಂದಿತ್ತು ಕಣೋ. ನನ್ನ ಹತ್ರ ಕೇಳಿದ.” ಅಕ್ಕ ಪೆಟ್ಟಿಗೆಯ ಕಡೆ ನೋಡಲಾರದೆ ನೋಡಿದಳು. “ಅವನ ದನಿ ಹುಟ್ಟಿದಾಗಿನಿಂದ ಕೇಳಿದ ಕಿವಿ ನಂದು. ಅದನ್ನ ಬಿಟ್ಟು ನಾನು ಪೇಪರನ್ನ ನಂಬಿದೆ.”

ವಿಮರ್ಶಕರು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದರು. “ತಿದ್ದುಪಡಿ ಬರೀತೀನಮ್ಮ. ಈ ಭಾನುವಾರವೇ. ಅರ್ಧ ಪುಟ.”

“ಓದೋಕೆ ಅವನು ಎದ್ದು ಬರ್ತಾನಾ?”

ಅಕ್ಕ ಖಾಲಿ ಕುರ್ಚಿಯೊಂದನ್ನು ತೋರಿಸಿದಳು.

“ಕೂತ್ಕೊಳ್ಳಿ. ಮುಂದಿನ ಸಾಲಲ್ಲಿ.”

“ನಾನು ಎರಡು ಮಾತು ಆಡಬೇಕಿತ್ತಲ್ಲ—”

“ನಿಮ್ಮ ಮಾತು ಆಗಿದೆ. ಈಗ ಕೇಳಿ.”

ಅವರು ಕೂತರು. ಗುಡುಗಣ್ಣ ಗುಂಡಿಯನ್ನು ನಲವತ್ತೈದಕ್ಕೆ ಒತ್ತಿದ.

ದೇವರು ಒಂದೊಂದು ಗಂಟಲಿಗೆ ಒಂದೊಂದು ದನಿ ಅಳೆದು ಕೊಟ್ಟಿರುತ್ತಾನೆ. ತಮ್ಮನಿಗೆ ಕೊಟ್ಟದ್ದು ತೆಳುವಾದ, ಎಳೆದು ಕಟ್ಟಿದ ತಂತಿಯಂಥ ದನಿ. ಎಲ್ಲಿ ತುಂಡಾಗುತ್ತದೋ ಎಂದು ಕೇಳುವವರು ಕುರ್ಚಿಯ ಅಂಚಿಗೆ ಬರಬೇಕು, ಅದು ಮಾತ್ರ ತುಂಡಾಗದೆ ಮೇಲೇರಬೇಕು, ಹಾಗೆ. ಮಂಕು ಇತ್ತು, ಇಲ್ಲವೆಂದಲ್ಲ. ಆದರೆ ಅದು ಮುಂಜಾವಿನ ಮಂಕು, ಒಳಗೆ ಬೆಳಕಿದ್ದದ್ದು. ‘ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿದ್ದೀನಿ, ಯಾರಾದ್ರೂ ಕೈ ಕೊಡಿ,’ ಎಂದು ಆ ದನಿ ಕರೆಯಿತು.

“ಅಯ್ಯೋ, ಇದು ನಮ್ಮ ಲಿಫ್ಟಿನ ವಿಷಯ ಅಲ್ವೇನ್ರೋ!” ಎಂದರು ಅಜ್ಜಿ. ನೀಲಿ ಅಂಗಿಯವರಲ್ಲಿ ಒಬ್ಬ ಫಕ್ಕನೆ ನಕ್ಕು, ನಕ್ಕದ್ದಕ್ಕೇ ಅತ್ತುಬಿಟ್ಟ.

ಮೊದಲ ಮಗ್ಗುಲು ಮುಗಿಯುತ್ತಿದ್ದಂತೆ ಕೋಣೆಯ ಮೇಲ್ವಿಚಾರಕಿ ಬಂದು ಅಕ್ಕನ ಕಿವಿಯ ಹತ್ತಿರ ಬಾಗಿದಳು. “ನಿಮ್ಮ ಸಮಯ ಆಯ್ತಮ್ಮ. ಪರದೆ ಎಳೀಬೇಕು. ಮುಂದಿನವರು ಹೊರಗೆ ಚಳೀಲಿ ನಿಂತಿದ್ದಾರೆ.”

“ಇನ್ನೊಂದು ಮಗ್ಗುಲಿದೆ. ಅದನ್ನ ಈ ದೊಡ್ಡೋರು ಇವತ್ತಿನ ತನಕ ಕೇಳೇ ಇಲ್ಲ.”

“ಹಾಗಂದ್ರೆ ಹೇಗಮ್ಮಾ, ಪಾಪ ಅವರು—”

“ಚಳಿ ಅಂತೀಯಲ್ಲ, ಒಳಗೆ ಕರ್ಕೊಂಡು ಬಾಮ್ಮಾ. ಕುರ್ಚಿ ಖಾಲಿ ಇವೆ.”

ಗುಡುಗಣ್ಣ ರೆಕಾರ್ಡು ಮಗುಚಿ ಹಾಕಿದ. ಹೊರಗಿದ್ದವರು ತಾವು ತಂದ ಹೂವುಗಳನ್ನು ಎದೆಗವುಚಿಕೊಂಡು, ಬೇರೆಯವರ ದುಃಖದಲ್ಲಿ ಕಾಲಿಡುವ ಸಂಕೋಚದಿಂದ ಒಬ್ಬೊಬ್ಬರಾಗಿ ಬಂದು ಹಿಂದಿನ ಸಾಲುಗಳಲ್ಲಿ ಕೂತರು. ಅವರಿಗೆ ಈ ತಂಡ ಗೊತ್ತಿಲ್ಲ, ಈ ಹಾಡುಗಾರ ಗೊತ್ತಿಲ್ಲ, ಯಾವ ಪತ್ರಿಕೆಯಲ್ಲಿ ಯಾರು ಏನು ಬರೆದರೆಂಬುದೂ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಬಿಳಿ ಗಡ್ಡ ಎದೆಗೆ ಬಾಗಿತ್ತು. ಅಕ್ಕ ನಿಂತಲ್ಲಿಂದಲೇ ಹಿಂದಕ್ಕೆ ನೋಡಿದಳು.

ಕೊನೆಯ ಸಾಲಿನಲ್ಲಿ ಅತ್ತು ಅತ್ತು ಮುಖ ಊದಿಸಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಅವಳ ಬಲಗಾಲಿನ ಕಪ್ಪು ಚಪ್ಪಲಿ ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ತಾನು ಎಲ್ಲಿದ್ದೇನೆಂಬುದು ನೆನಪಾಗಿ ಅವಳು ಗಾಬರಿಯಿಂದ ಎಡಗಾಲನ್ನು ಅದರ ಮೇಲಿಟ್ಟು ಅದುಮಿ ಹಿಡಿದಳು. ಹಾಡು ಮೇಲೇರಿತು. ಸ್ವಲ್ಪ ಹೊತ್ತಿಗೆ ಎಡಗಾಲು, ಕೆಳಗಿನ ಬಲಗಾಲು, ಎರಡೂ ಒಟ್ಟಿಗೆ ಅಲುಗತೊಡಗಿದವು.